ಕಸದಿಂದ ರಸವೆಂಬ ಮಾತು: ತಗಡಿನ ಡಬ್ಬಿಯ ಗೃಹಕಲೆಯ ವಿಮರ್ಶೆ

ಕೆಲವು ಮಾತುಗಳು ಅರ್ಥದ ಬಲಕ್ಕಿಂತ ಪ್ರಾಸದ ಬಲದಿಂದಲೇ ಹೆಚ್ಚು ಕಾಲ ಬಾಳುತ್ತವೆ. ‘ಕಸದಿಂದ ರಸ’ ಎಂಬುದು ಅಂಥವುಗಳಲ್ಲೊಂದು. ಶಾಲೆಯ ಪ್ರದರ್ಶನವಿರಲಿ, ಮಹಿಳಾ ಮಂಡಳದ ಸ್ಪರ್ಧೆಯಿರಲಿ, ಬೇಸಿಗೆಯ ಸೂಟಿಯಲ್ಲಿ ಮಕ್ಕಳಿಗಾಗಿ ನಡೆಯುವ ಶಿಬಿರವಿರಲಿ, ಕೈಗೆಲಸದ ಮೇಜಿನ ಮೇಲ್ಗಡೆ ಈ ಆರಕ್ಷರದ ಫಲಕ ತೂಗುವದು ಈಗ ರೂಢಿಯೇ ಆಗಿಹೋಗಿದೆ. ಆ ಮೇಜಿನ ಮೇಲೆ ಸಾಲಾಗಿ ಇರಿಸಿದ ವಸ್ತುಗಳಲ್ಲಿ ತಗಡಿನ ಡಬ್ಬಿಗೆ ಅಗ್ರಸ್ಥಾನವುಂಟು. ಬಿಸ್ಕತ್ತಿನ ಡಬ್ಬಿ, ಎಣ್ಣೆಯ ಡಬ್ಬಿ, ಕೂಸಿನ ಹಾಲುಪುಡಿಯ ಡಬ್ಬಿ, ಗೋಡೆಯ ಬಣ್ಣ ಬಂದ ಡಬ್ಬಿ—ಇವುಗಳ ಮೈಗೆ ಬಟ್ಟೆಯ ತುಂಡು, ಬಣ್ಣದ ಕಾಗದ, ಮಣಿ, ಕನ್ನಡಿಯ ಚೂರು, ಕವಡೆ, ಗುಂಡಿ, ನೂಲು, ಒಡೆದ ಬಳೆ ಮುಂತಾದವನ್ನು ಅಂಟಿಸಿ, ಹೊಲಿದು, ಬಿಗಿದು, ಮೇಲೆ ಬಣ್ಣ ಬಳಿದು, ಡಬ್ಬಿಯನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುವ ಕೆಲಸವಿದು. ಹಲವು ದ್ರವ್ಯಗಳು ಒಂದೆಡೆ ಕೂಡುವದರಿಂದ ಇದನ್ನು ಮಿಶ್ರಮಾಧ್ಯಮದ ಕಲೆಯೆಂದು ಕರೆಯುವವರಿದ್ದಾರೆ. ಹೆಸರು ಹೊಸದು, ಕೆಲಸವೂ ಹೊಸದೇ? ಮತ್ತು ಅದು ಕಲೆಯೇ? ಈ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ.

ಮನೆಯೊಳಗಿನ ಕೈಗೆಲಸಕ್ಕೆ ವಿಮರ್ಶೆಯ ಒರೆಗಲ್ಲು ಯಾತಕ್ಕೆ ಎಂದು ಕೇಳುವವರು ಇರಬಹುದು. ಹೆಣ್ಣುಮಕ್ಕಳೂ ಹುಡುಗರೂ ಬಿಡುವಿನ ವೇಳೆಯಲ್ಲಿ ಮಾಡಿದ್ದನ್ನು ‘ಛಲೋ ಆಗೇದ’ ಎಂದು ಹೇಳಿ ಮುಂದೆ ಸಾಗುವದೇ ಸೌಜನ್ಯವೆಂದು ಅವರ ಮತ. ಆದರೆ ಕವಿತೆಯಲ್ಲಿ ಒಂದು ಪದವು ಸ್ಥಾನ ತಪ್ಪಿದರೆ ಪುಟಗಟ್ಟಲೆ ಚರ್ಚಿಸುವ ವಿದ್ಯಾವಂತರು, ಮನೆಯ ಕೈಗೆಲಸದೆದುರಿಗೆ ಕೇವಲ ಮುಗುಳುನಕ್ಕು ಹೋಗುವದನ್ನು ಉಪೇಕ್ಷೆಯೆಂದೇ ಹೇಳಬೇಕಾಗುತ್ತದೆ. ಅಲ್ಲದೆ ಸ್ಪರ್ಧೆಯಿದ್ದಲ್ಲಿ ಬಹುಮಾನವುಂಟು, ಬಹುಮಾನವಿದ್ದಲ್ಲಿ ತೀರ್ಪುಂಟು. ತೀರ್ಪು ಬಂದ ಬಳಿಕ ಅದರ ಹಿಂದಿನ ತತ್ತ್ವವನ್ನು ಕೇಳುವದು ಅನುಚಿತವಾಗದು. ಈ ಮೇಜುಗಳ ಮುಂದೆ ಸಾಮಾನ್ಯವಾಗಿ ಕೇಳಿಬರುವ ತತ್ತ್ವವು ಒಂದೇ: ಡಬ್ಬಿಯು ಡಬ್ಬಿಯೆಂದು ಗುರುತು ಸಿಗದಂತಾಗಿದ್ದರೆ ಅದು ಉತ್ತಮ. ‘ಇದು ಎಣ್ಣೆಯ ಡಬ್ಬಿ ಇತ್ತಂದರ ಯಾರು ನಂಬ್ತಾರ!’ ಎಂಬುದೇ ಪರಮ ಪ್ರಶಂಸೆ. ಈ ತತ್ತ್ವವು ಎಷ್ಟರಮಟ್ಟಿಗೆ ನಿಲ್ಲುವದೆಂಬುದನ್ನು ನೋಡತಕ್ಕದ್ದಿದೆ.

ಮೊದಲು ಡಬ್ಬಿಯ ಕುಲಗೋತ್ರಗಳನ್ನು ವಿಚಾರಿಸಬೇಕು. ಜನರು ತಗಡಿನ ಡಬ್ಬಿಯೆಂದು ಕರೆಯುವ ವಸ್ತುವು ಶುದ್ಧ ತವರದ್ದಲ್ಲ. ಕಬ್ಬಿಣದ ಇಲ್ಲವೆ ಉಕ್ಕಿನ ತೆಳುಹಾಳೆಗೆ ತವರದ ಅತಿ ತೆಳುವಾದ ಲೇಪವನ್ನು ಕೊಟ್ಟು ಮಾಡಿದ್ದು. ತಾಮ್ರ ಹಿತ್ತಾಳೆಗಳ ಪಾತ್ರೆಗೆ ಕಲಾಯಿ ಹಾಕಿಸಿದ ಮನೆಗಳಿಗೆ ಈ ಉಪಾಯವು ಅಪರಿಚಿತವಲ್ಲ, ಕಲಾಯಿಯೂ ತವರವೇ. ಆಹಾರವು ಕೆಡದಂತೆ ಇಂಥ ಡಬ್ಬಿಯಲ್ಲಿ ಮುಚ್ಚಿಡುವ ಉಪಾಯಕ್ಕೆ ಇಂಗ್ಲಂಡದಲ್ಲಿ ಪೀಟರ್ ಡ್ಯುರಾಂಡನು ಹಕ್ಕುಪತ್ರವನ್ನು ಪಡೆದದ್ದು 1810ರಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಣ್ಣದ ಚಿತ್ರವನ್ನು ತಗಡಿನ ಮೇಲೆಯೇ ಮುದ್ರಿಸುವ ವಿದ್ಯೆ ಬಂದಿತು. ಅಂದಿನಿಂದ ಬಿಸ್ಕತ್ತಿನ ಡಬ್ಬಿಯು ತಿನಿಸು ತೀರಿದ ಮೇಲೂ ಮನೆಯಲ್ಲಿ ಉಳಿಯುವ ಯೋಗ್ಯತೆಯನ್ನು ಪಡೆಯಿತು. ಆದರೆ ಬಯಲುಸೀಮೆಯ ಹಳ್ಳಿಗಳೊಳಗೆ ತಗಡು ಹೊಕ್ಕದ್ದು ಬಿಸ್ಕತ್ತಿನ ಬೆನ್ನು ಹತ್ತಿ ಅಲ್ಲ, ಚಿಮಣಿ ಎಣ್ಣೆಯ ಬೆನ್ನು ಹತ್ತಿ. ನಾಲ್ಕು ಗ್ಯಾಲನ್, ಎಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕಾಕಾರದ ಡಬ್ಬಿಯು ಪೇಟೆಯ ಅಂಗಡಿಗೆ ಬಂದು, ಅಲ್ಲಿಂದ ಬರಿದಾಗಿ ಮನೆಗಳಿಗೆ ಇಳಿಯಿತು.

ಎಣ್ಣೆ ತೀರಿದ ದಿನವೇ ಆ ಡಬ್ಬಿಯ ನಿಜವಾದ ಬಾಳು ಮೊದಲಾಗುತ್ತಿತ್ತು. ಮೇಲ್ಭಾಗವನ್ನು ಕೊಯ್ದು ಅಂಚು ಮಡಿಸಿ ಅಡ್ಡಲಾಗಿ ಕಟ್ಟಿಗೆಯ ಹಿಡಿಕೆಯನ್ನು ಬಡಿದರೆ ಅದು ನೀರಿನ ಕೊಡ. ಮುಚ್ಚಳ ಬೆಸೆದರೆ ಜೋಳದ ಹಿಟ್ಟನ್ನೂ ತೊಗರಿಯ ಬೇಳೆಯನ್ನೂ ಕಾಯುವ ಭಾಂಡಾರ. ತುಂಡನ್ನು ಸುರುಳಿ ಸುತ್ತಿ ಬೆಸುಗೆ ಹಾಕಿ ಬತ್ತಿಯಿಟ್ಟರೆ ಚಿಮಣಿ. ಮೊಳೆಯಿಂದ ಸಾಲಾಗಿ ತೂತು ಹೊಡೆದರೆ ಸಾಣಿಗೆ. ತಳ ತುಕ್ಕು ತಿಂದ ಮೇಲೆ ಮಣ್ಣು ತುಂಬಿದರೆ ತುಳಸಿಯ ಗಿಡಕ್ಕೆ ನೆಲೆ. ಕಡೆಗೆ ಮೈಯೆಲ್ಲ ಸವೆದಾಗ ಬಿಡಿಸಿ ಬಡಿದು ಚಪ್ಪಟೆ ಮಾಡಿದರೆ ಕೊಟ್ಟಿಗೆಯ ಬಾಗಿಲಿಗೆ ತೇಪೆ. ಹೀಗೆ ಒಂದು ಡಬ್ಬಿಯು ಒಂದೇ ಮನೆಯಲ್ಲಿ ನಾಲ್ಕೈದು ಜನ್ಮಗಳನ್ನು ತಾಳಬಲ್ಲದಾಗಿತ್ತು. ಇವುಗಳಲ್ಲಿ ಯಾವ ಜನ್ಮದಲ್ಲಿ ಅದು ಕಸವಾಗಿತ್ತು? ಯಾವುದರಲ್ಲಿಯೂ ಇಲ್ಲ. ಆದುದರಿಂದ ‘ಕಸದಿಂದ ರಸ’ ಎಂಬ ಮಾತಿನ ಮೊದಲರ್ಧವು ಈ ಸೀಮೆಯ ಮನೆಗಳ ಅನುಭವಕ್ಕೆ ವಿರುದ್ಧವಾದದ್ದು. ಮೊದಲು ಒಂದು ವಸ್ತುವನ್ನು ಕಸವೆಂದು ಹೀಗಳೆದು, ಆಮೇಲೆ ತಾನು ಅದನ್ನು ಉದ್ಧರಿಸಿದೆನೆಂದು ಹೆಮ್ಮೆಪಡುವದು ಆ ಮಾತಿನೊಳಗೆ ಅಡಗಿರುವ ಭಾವ.

ಇನ್ನು ಉತ್ತರಾರ್ಧವಾದ ರಸದ ಮಾತು. ಅದಕ್ಕಾಗಿ ಬೇರೆ ಬೇರೆ ದ್ರವ್ಯಗಳನ್ನು ಕೂಡಿಸಿ ಹೊಸತೊಂದನ್ನು ಮಾಡುವ ವಿದ್ಯೆಯು ಇಲ್ಲಿ ಮೊದಲಿನಿಂದಲೂ ಹೇಗಿತ್ತೆಂಬುದನ್ನು ನೋಡಬೇಕು. ಈ ವಿದ್ಯೆಯ ಹಿರಿಯಕ್ಕ ಕೌದಿ. ಅಜ್ಜನ ಧೋತರ, ಅವ್ವನ ಹಳೆಯ ಸೀರೆ, ಮಗಳ ಚಿಕ್ಕದಾದ ಪರಕಾರ, ಕುಪ್ಪಸದ ಖಣದ ಉಳಿದ ತುಂಡು—ಇವೆಲ್ಲ ಪದರು ಪದರಾಗಿ ಕೂಡಿ, ಸಾಲು ಹೊಲಿಗೆಯಲ್ಲಿ ಒಂದಾಗಿ, ಚಳಿಗಾಲದ ರಾತ್ರಿಯಲ್ಲಿ ಇಡಿಯ ಮನೆಯನ್ನು ಹೊದ್ದಿಸುತ್ತವೆ. ಕೌದಿಯನ್ನು ಬಿಡಿಸಿ ಹಾಸಿದಾಗ ಮನೆಯ ಹಿರಿಯಳು ಬೆರಳಿಟ್ಟು ಹೇಳಬಲ್ಲಳು: ಇದು ಇಂಥವರ ಮದುವೆಯ ಸೀರೆ, ಇದು ಇಂಥ ಕೂಸಿನ ಕುಂಚಿಗೆ ಎಂದು. ತುಂಡುಗಳು ಒಂದಾದವು, ಆದರೆ ಯಾವ ತುಂಡೂ ತನ್ನ ಹೆಸರನ್ನು ಕಳೆದುಕೊಳ್ಳಲಿಲ್ಲ. ಉತ್ತರ ಕನ್ನಡದ ಹಳಿಯಾಳ ಯಲ್ಲಾಪುರಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ತಮ್ಮ ಕೌದಿಯ ಮೂಲೆಗಳಿಗೆ ‘ಫೂಲ’ ಎಂಬ ಮುಮ್ಮೂಲೆಯ ತುಂಡುಗಳನ್ನು ಹಚ್ಚುತ್ತಾರೆ. ಅದಿಲ್ಲದ ಕೌದಿಯು ಬತ್ತಲೆಯೆಂದು ಅವರ ಭಾವನೆ. ಉಪಯೋಗವು ಮುಗಿದ ಮೇಲೂ ಒಂದು ಹಿಡಿ ಚೆಲುವು ಬೇಕೆಂಬ ಈ ಹಟವೇ ಕಲೆಯ ಬೀಜ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದ ಶರಣಸಮೂಹದಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರನಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಸೂಜಿಯ ಕಾಯಕವು ಹೆಸರಿನೊಳಗೇ ಗೌರವದಿಂದ ನಿಂತ ಸೀಮೆಯಿದು.

ಇದೇ ಜಿಲ್ಲೆಯ ತಾಂಡೆಗಳ ಲಂಬಾಣಿ ಹೆಣ್ಣುಮಕ್ಕಳ ಉಡುಪನ್ನು ನೋಡಿದರೆ ಮಿಶ್ರಮಾಧ್ಯಮವೆಂಬುದಕ್ಕೆ ಬೇರೆ ವ್ಯಾಖ್ಯಾನವೇ ಬೇಡ. ಬಟ್ಟೆ, ನೂಲು, ಕನ್ನಡಿ, ಕವಡೆ, ಗೆಜ್ಜೆ, ಚಲಾವಣೆ ತಪ್ಪಿದ ನಾಣ್ಯ—ಇವೆಲ್ಲ ಒಂದೇ ಕಾಂಚಳಿಯ ಮೇಲೆ ಸೇರುತ್ತವೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತದ್ದು ಈ ವಿದ್ಯೆಯ ಘನತೆಗೆ ಒಂದು ಸಾಕ್ಷಿ. ಇಲ್ಲಿ ಗಮನಿಸತಕ್ಕದ್ದು ನಾಣ್ಯದ ಸ್ಥಿತಿ. ಅದು ಒಡವೆಯಾಯಿತು, ಆದರೆ ಅದರ ಮೇಲಿನ ಮುದ್ರೆಯನ್ನು ಯಾರೂ ಉಜ್ಜಿ ಅಳಿಸಲಿಲ್ಲ. ಹಣವಾಗಿದ್ದದ್ದು ಹಣವಾಗಿ ಕಾಣುತ್ತಲೇ ಆಭರಣವಾಗಿದೆ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗದಲ್ಲಿಯೂ ಬೆಂಡು, ಬಣ್ಣದ ಕಾಗದ, ಮಣಿ, ಬೇಗಡೆ ಇವು ಒಂದನ್ನೊಂದು ನುಂಗದೆ ಕೂಡಿರುತ್ತವೆ.

ತಗಡಿಗೆ ಇನ್ನೂ ಸಮೀಪದ ಉದಾಹರಣೆಯೆಂದರೆ ಟ್ರಂಕು. ಹಳೆಯ ತಗಡಿನ ಟ್ರಂಕಿನ ಮುಚ್ಚಳವನ್ನು ಎತ್ತಿದರೆ ಒಳಮೈಗೆ ದೇವರ ಪಟ, ಪಂಚಾಂಗದ ಹಾಳೆ, ಬಟ್ಟೆಯ ಗಂಟಿನ ಮೇಲಿನ ಬಣ್ಣದ ಚೀಟಿ, ಕಡ್ಡಿಪೆಟ್ಟಿಗೆಯ ಚಿತ್ರ, ಒಂದೆರಡು ಭಾವಚಿತ್ರಗಳನ್ನು ಅಂಟಿಸಿರುವದನ್ನು ಎಷ್ಟೋ ಮನೆಗಳ ಹಿರಿಯರು ಬಲ್ಲರು. ರಾಜಾ ರವಿವರ್ಮನ ಮುದ್ರಣಾಲಯವು ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ಮೇಲೆ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳು ಮನೆಮನೆಗೆ ಬಂದವು. ಆ ಪಟಗಳ ಸೀರೆಗೆ ನಿಜವಾದ ಜರಿಯನ್ನೂ ಬಟ್ಟೆಯನ್ನೂ, ಕೊರಳಿಗೆ ನಿಜವಾದ ಮಣಿಯನ್ನೂ ಹಚ್ಚಿ ಸಿಂಗರಿಸುವ ವಾಡಿಕೆಯು ದೇಶದ ಹಲವು ಕಡೆಗೆ ಬೆಳೆಯಿತು. ಆದರೆ ಹಾಗೆ ಸಿಂಗರಿಸಿದ ಕೈ ದೇವಿಯ ಮುಖವನ್ನು ಮುಚ್ಚಲಿಲ್ಲ. ಎಲ್ಲಿ ಕೈ ನಿಲ್ಲಬೇಕೆಂಬ ವಿವೇಕವು ಆ ಗೃಹಿಣಿಯರಿಗಿತ್ತು. ಹೀಗೆ ಹೆಸರು ಹೊಸದಾದರೂ ಕೆಲಸವು ಹಳೆಯದೆಂಬುದು ಮೊದಲನೆಯ ಪ್ರಶ್ನೆಗೆ ಉತ್ತರವಾಯಿತು.

ಎರಡನೆಯ ಪ್ರಶ್ನೆಗೆ ಕಾವ್ಯಮೀಮಾಂಸೆಯ ನೆರವನ್ನು ಪಡೆಯುವದು ಅಸಂಗತವಾಗದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಮಾಡಿದ ವಿಭಾಗಗಳು ಸಹೃದಯರಿಗೆ ತಿಳಿದೇ ಇವೆ. ಶಬ್ದದ ನೇರವಾದ ಅರ್ಥವು ವಾಚ್ಯ. ಅದರಿಂದ ಹೊಳೆಯುವದು ವ್ಯಂಗ್ಯ. ವಾಚ್ಯವು ತಾನೂ ನಿಂತು ಮತ್ತೊಂದನ್ನು ಹೊಳೆಯಿಸಬಹುದು. ಇಲ್ಲವೆ ತುಸು ಮಾರ್ಪಟ್ಟು ಬೇರೊಂದರ್ಥದೊಳಗೆ ಸಂಕ್ರಮಿಸಬಹುದು. ಇಲ್ಲವೆ ಪೂರ್ತಿಯಾಗಿ ತಿರಸ್ಕೃತವಾಗಿಯೂ, ಆ ತಿರಸ್ಕಾರದ ಮೂಲಕವೇ ಓದುಗನನ್ನು ಮುಂದಕ್ಕೆ ನೂಕಬಹುದು. ಮೂರರಲ್ಲಿಯೂ ವಾಚ್ಯದ ಹಂಗು ತಪ್ಪದು. ಇನ್ನು ಯಾವ ಹೊಳಹೂ ಇಲ್ಲದೆ ಕೇವಲ ಅಲಂಕಾರದ ಚಮತ್ಕಾರವಿದ್ದರೆ ಅದನ್ನು ಆತ ‘ಚಿತ್ರ’ವೆಂದು ಬದಿಗಿರಿಸುತ್ತಾನೆ. ಮಾರ್ಪಡಿಸಿದ ಡಬ್ಬಿಯಲ್ಲಿ ಡಬ್ಬಿಯೇ ವಾಚ್ಯ. ಅದರ ಮೈಮೇಲೆ ಕೈಯಾರೆ ಮಾಡಿದ್ದೆಲ್ಲವೂ ಆ ವಾಚ್ಯದಿಂದ ಏನನ್ನು ಹೊಳೆಯಿಸಿತೆಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಈ ಬೆಳಕಿನಲ್ಲಿ ಮೂರು ಬಗೆಯ ಡಬ್ಬಿಗಳನ್ನು ಪರೀಕ್ಷಿಸಬಹುದು. ಮೂರೂ ಈ ಸೀಮೆಯ ಮನೆಗಳಲ್ಲಿ ಕಾಣಸಿಗುವಂಥವೇ. ಮೊದಲನೆಯದು, ಬಹುಮಾನವನ್ನು ಪಡೆಯುವ ಜಾತಿಯದು. ಹಾಲುಪುಡಿಯ ಡಬ್ಬಿಗೆ ಸುತ್ತಲೂ ಮಖಮಲ್ಲಿನ ಬಟ್ಟೆ, ಅದರ ಮೇಲೆ ಜರಿಯ ಅಂಚು, ಅಂಚಿನ ಮೇಲೆ ಮಣಿಯ ಸಾಲು, ಮುಚ್ಚಳದ ಮೇಲೆ ಪ್ಲಾಸ್ಟಿಕ್ಕಿನ ಗುಲಾಬಿ. ಕೈಗೆಲಸದಲ್ಲಿ ಊನವಿಲ್ಲ, ಹೊಲಿಗೆ ನೇರ, ಅಂಟು ಅಚ್ಚುಕಟ್ಟು. ಆದರೆ ಒಳಗಿನದು ತಗಡಿನ ಬದಲು ರಟ್ಟು ಆಗಿದ್ದರೂ, ಮರವಾಗಿದ್ದರೂ ಈ ವಸ್ತುವಿನಲ್ಲಿ ಎಳ್ಳಷ್ಟು ವ್ಯತ್ಯಾಸವಾಗುತ್ತಿರಲಿಲ್ಲ. ಡಬ್ಬಿಗೆ ಇಲ್ಲಿ ತಿರಸ್ಕೃತವಾಗುವ ಭಾಗ್ಯವೂ ಇಲ್ಲ. ಅದು ಇದ್ದದ್ದೇ ನೋಡುವವರಿಗೆ ತಿಳಿಯದು. ಇದು ಚಿತ್ರವೇ ಹೊರತು ಧ್ವನಿಯಲ್ಲ. ಇಂಥ ಡಬ್ಬಿಗಾಗಿ ಪೇಟೆಯಿಂದ ಹೊಚ್ಚ ಹೊಸ ಬರಿ ಡಬ್ಬಿಯನ್ನೂ, ಪೊಟ್ಟಣದಲ್ಲಿ ಬರುವ ಮಣಿ ಕಾಗದಗಳನ್ನೂ ಕೊಂಡು ತರುವದುಂಟು. ಆಗಂತೂ ಮಿತವ್ಯಯದ ವೇಷವನ್ನು ಧರಿಸಿದ ದುಂದುವೆಚ್ಚವನ್ನು ಕಂಡಂತಾಗುತ್ತದೆ.

ಎರಡನೆಯದು, ಮನೆಯ ಮಾಡದಲ್ಲಿ ಇರುವ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಬಿಸ್ಕತ್ತು ಎಂದೋ ತೀರಿ, ಸೂಜಿ, ದಾರದ ಉಂಡೆ, ಗುಂಡಿ, ಕತ್ತರಿ, ಅಳತೆಯ ಪಟ್ಟಿ ಬಂದು ಕೂತಿವೆ. ಮುಚ್ಚಳದ ಮೇಲಿನ ಚಿತ್ರವು ಬೆರಳು ತಾಗಿ ತಾಗಿ ಒಂದೆಡೆ ಮಾಸಿದೆ. ಮಾಸಿದ ಆ ಜಾಗಕ್ಕೆ ಮಾತ್ರ ಒಂದು ಖಣದ ತುಂಡನ್ನು ಕತ್ತರಿಸಿ ಹಚ್ಚಿದೆ. ಸಡಿಲಾದ ಅಂಚಿಗೆ ಬಣ್ಣದ ನೂಲನ್ನು ಬಿಗಿಯಾಗಿ ಸುತ್ತಿದೆ. ಕಳಚಿಹೋದ ಹಿಡಿಕೆಯ ಬದಲಿಗೆ ಹಳೆಯ ಕೋಟಿನ ದೊಡ್ಡ ಗುಂಡಿಯೊಂದನ್ನು ತಂತಿಯಿಂದ ಕೂಡ್ರಿಸಿದೆ. ಇಲ್ಲಿ ವಾಚ್ಯವು ನಿಂತಿದೆ, ಮತ್ತು ಮಾರ್ಪಟ್ಟಿದೆ. ಡಬ್ಬಿಯು ತಾನು ಏನಾಗಿದ್ದೆನೆಂಬುದನ್ನೂ ಏನಾದೆನೆಂಬುದನ್ನೂ ಒಟ್ಟಿಗೆ ಹೇಳುತ್ತದೆ. ಈ ಎರಡರ ನಡುವಿನ ಕಾಲವು ನೋಡುವವರ ಮನಸ್ಸಿನಲ್ಲಿ ಹೊಳೆಯುತ್ತದೆ. ಖಣದ ತುಂಡು ಚಂದಕ್ಕಾಗಿಯೂ ಬಂದಿದೆ, ಅಗತ್ಯಕ್ಕಾಗಿಯೂ ಬಂದಿದೆ. ಎಲ್ಲಿ ಬೇಕೋ ಅಲ್ಲಿ ಮಾತ್ರ ಬಂದಿದೆ. ಸ್ಪರ್ಧೆಯ ಮೇಜಿನ ಮೇಲೆ ಇದನ್ನು ಯಾರೂ ತಂದಿರಿಸುವದಿಲ್ಲ. ಯಾಕಂದರೆ ಮಾಡಿದವಳೇ ಇದನ್ನು ಕಲೆಯೆಂದು ಬಗೆದಿಲ್ಲ.

ಮೂರನೆಯದು, ಅಂಗಳದ ತುಳಸಿಯ ಡಬ್ಬಿ. ಎಣ್ಣೆಯ ಡಬ್ಬಿಗೆ ಕೆಮ್ಮಣ್ಣು ಬಳಿದು ಸುಣ್ಣದ ಎಳೆಗಳಿಂದ ರಂಗವಲ್ಲಿಯನ್ನು ಬರೆದಿದೆ. ಎಳೆಗಳ ನಡುವೆ ಕಂಪನಿಯ ಅಕ್ಷರಗಳು ಇನ್ನೂ ಅರ್ಧ ಕಾಣುತ್ತವೆ. ವ್ಯಾಪಾರದ ವಸ್ತುವೊಂದು ಪೂಜೆಯ ವಸ್ತುವಾದ ಸೋಜಿಗವು ಆ ಅರ್ಧ ಕಾಣುವ ಅಕ್ಷರಗಳಿಂದಲೇ ಹೊಳೆಯುತ್ತದೆ. ಅಕ್ಷರಗಳನ್ನು ಪೂರ್ತಿ ಅಳಿಸಿದ್ದರೆ ಕುಂಡವೊಂದು ಉಳಿಯುತ್ತಿತ್ತು, ಸೋಜಿಗ ಹೋಗುತ್ತಿತ್ತು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಮೂಲದ್ರವ್ಯವನ್ನು ಮುಚ್ಚುವದೇ ದೋಷವಾದರೆ ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆಗಳಿಗೆ ಯಾವ ಗತಿ? ಅಲ್ಲಿಯ ಚಿತ್ರಗಾರರು ಹಗುರಾದ ಮರದ ಮೇಲೆ ಹುಣಸೆಯ ಬೀಜದ ಅಂಟಿನಿಂದ ಮಾಡಿದ ‘ಕಿಟ್ಟ’ವನ್ನು ಮೆತ್ತಿ, ಬಣ್ಣ ಬಳಿದು, ಮರವೆಂಬುದು ಕಾಣದಂತೆಯೇ ಮಾಡುತ್ತಾರಲ್ಲವೆ? ಹೌದು; ಆದರೆ ಆ ಮರವು ಗೊಂಬೆಯಾಗುವ ಮೊದಲು ಯಾರ ಮನೆಯಲ್ಲಿಯೂ ಬಾಳಿರಲಿಲ್ಲ. ಅದು ಕೇವಲ ದ್ರವ್ಯ. ಡಬ್ಬಿಯಾದರೋ ಮೊದಲೇ ಒಂದು ಕೃತಿ. ಅದಕ್ಕೆ ಆಕಾರವಿದೆ, ಕೆಲಸವಿದೆ, ಹೆಸರಿದೆ, ವಯಸ್ಸಿದೆ. ದ್ರವ್ಯವನ್ನು ಮುಚ್ಚುವದಕ್ಕೂ ಕೃತಿಯನ್ನು ಮುಚ್ಚುವದಕ್ಕೂ ಬಹಳ ಅಂತರವುಂಟು. ಹಳೆಯ ಕೃತಿಯನ್ನು ಮರಳಿ ಬರೆಯುವ ಕವಿಯು ಮೂಲದೊಡನೆ ಮಾತನಾಡಲೇಬೇಕಾಗುತ್ತದೆ. ಬರಿಯ ಮಾತಿನಿಂದ ಹೊಸ ಕಾವ್ಯವನ್ನು ಕಟ್ಟುವವನಿಗೆ ಆ ಕಟ್ಟಿಲ್ಲ.

ಎರಡನೆಯ ಆಕ್ಷೇಪವು ವಿರುದ್ಧ ದಿಕ್ಕಿನದು. ಹಳೆಯದನ್ನು ಕಾಣುವಂತೆ ಬಿಡುವದೇ ಕಲೆಯಾದರೆ ತುಕ್ಕು ಹಿಡಿದ ಡಬ್ಬಿಯೆಲ್ಲ ಕಾವ್ಯವಾಗಬೇಕಲ್ಲವೆ? ಖಂಡಿತವಾಗಿಯೂ ಆಗಲಾರದು. ನೆನಪು ಇದ್ದ ಮಾತ್ರಕ್ಕೆ ರಸವಿಲ್ಲ. ವಿಭಾವಾದಿಗಳು ಹದವಾಗಿ ಕೂಡಿದಾಗಲೇ ರಸ. ಮುತ್ತಜ್ಜಿಯದೆಂಬ ಒಂದೇ ಕಾರಣಕ್ಕಾಗಿ ಅಂದಗೇಡಿ ವಸ್ತುವನ್ನು ಹೊಗಳುವದು ಮಮತೆಯಾದೀತು, ವಿಮರ್ಶೆಯಾಗಲಾರದು. ಕೈಯು ತನ್ನ ಪಾಲಿನ ಕೆಲಸವನ್ನು ಮಾಡಲೇಬೇಕು: ಬಣ್ಣಕ್ಕೆ ಬಣ್ಣ ಒಗ್ಗಬೇಕು, ಭಾರಕ್ಕೆ ಭಾರ ಸರಿದೂಗಬೇಕು, ತುಂಬಿದೆಡೆಯ ಪಕ್ಕದಲ್ಲಿ ತೆರಪು ಇರಬೇಕು. ಕ್ಷೇಮೇಂದ್ರನು ಔಚಿತ್ಯವೆಂದು ಹೇಳಿದ್ದು ಇದನ್ನೇ.

ಔಚಿತ್ಯವು ಕಣ್ಣಿಗೆ ಸಂಬಂಧಿಸಿದ್ದಷ್ಟೇ ಅಲ್ಲ. ದ್ರವ್ಯದ ಸ್ವಭಾವಕ್ಕೂ ಸಂಬಂಧಿಸಿದ್ದು. ಇಂಡಿಯ ನಿಂಬೆಯ ಉಪ್ಪಿನಕಾಯಿಯನ್ನು ತಗಡಿನ ಡಬ್ಬಿಯಲ್ಲಿ ಇಡುವ ಗೃಹಿಣಿ ಯಾರೂ ಇಲ್ಲ. ಹುಳಿಯೂ ಉಪ್ಪೂ ತಗಡನ್ನು ತಿನ್ನುತ್ತವೆಂಬುದು ಆಕೆಗೆ ಗೊತ್ತು, ಆದ್ದರಿಂದಲೇ ಭರಣಿಯನ್ನು ಇಳಿಸುತ್ತಾಳೆ. ಅದೇ ವಿವೇಕವು ಕೈಗೆಲಸದಲ್ಲಿಯೂ ಬೇಕು. ತವರದ ಲೇಪವು ಬಹು ತೆಳುವಾದದ್ದು. ಅದು ಗೀರಿದೆಡೆಯಲ್ಲಿ ಕಬ್ಬಿಣವು ಗಾಳಿಗೂ ನೀರಿಗೂ ಬೇಗನೆ ಸಿಕ್ಕಿ ತುಕ್ಕಾಗುತ್ತದೆ. ನುಣ್ಣನೆಯ ತಗಡಿಗೆ ಬಣ್ಣವು ನೇರವಾಗಿ ಹಿಡಿಯದು. ಜಿಡ್ಡು ತೊಳೆದು, ಒಣಗಿಸಿ, ಉಸುಕಿನ ಕಾಗದದಿಂದ ಮೆಲ್ಲನೆ ತಿಕ್ಕಿ, ಲೋಹಕ್ಕೆ ತಕ್ಕ ಮೊದಲ ಬಳಿಕೆಯನ್ನು ಕೊಟ್ಟ ಮೇಲೆಯೇ ಮುಂದಿನದು. ಗಂಜಿಯ ಅಂಟಿನಿಂದ ಬಟ್ಟೆಯನ್ನು ಬಿಗಿಯಾಗಿ ಹಚ್ಚಿದರೆ ಒಳಗಿನ ಪಸೆ ಹೊರಬೀಳದೆ ತುಕ್ಕು ಒಳಗಿಂದ ಹಬ್ಬಿ, ಒಂದು ಮಳೆಗಾಲ ಕಳೆಯುವದರೊಳಗೆ ಮಖಮಲ್ಲಿನ ಮೇಲೆ ಕಂದು ಕಲೆಯಾಗಿ ಮೂಡುವದುಂಟು. ಪುಸ್ತಕದ ರಟ್ಟು ಕಟ್ಟುವವರು ಹುಳ ಬೀಳದಿರಲೆಂದು ಗಂಜಿಗೆ ಮೈಲುತುತ್ತವನ್ನು ಬೆರೆಸುತ್ತಿದ್ದರು; ಕಾಗದಕ್ಕೆ ಹಿತವಾದ ಆ ಉಪಾಯವು ಕಬ್ಬಿಣಕ್ಕೆ ವಿಷ. ಮೈಲುತುತ್ತದ ನೀರು ತಾಗಿದ ಕಬ್ಬಿಣದ ಮೇಲೆ ತಾಮ್ರವು ಕೂತು ಕಬ್ಬಿಣವು ಕರಗುತ್ತದೆ. ಕತ್ತರಿಸಿದ ಅಂಚನ್ನು ಮಡಿಸದೆ ಬಟ್ಟೆಯಿಂದ ಮುಚ್ಚಿದರೆ ಅದು ಕಾಣದ ಚೂರಿಯಾಗಿ ಕೂಸಿನ ಬೆರಳನ್ನು ಕೊಯ್ಯುತ್ತದೆ. ಮುಚ್ಚುವದನ್ನೇ ಗುರಿಯಾಗಿಟ್ಟ ಕೆಲಸವು ಕಡೆಗೆ ತನ್ನ ದ್ರವ್ಯದಿಂದಲೇ ಶಿಕ್ಷೆಗೊಳಗಾಗುವದನ್ನು ಇಲ್ಲಿ ಕಾಣಬಹುದು. ಕಾಣುವ ಅಂಚನ್ನು ಮಡಿಸುತ್ತಾರೆ, ಕಾಣುವ ತುಕ್ಕನ್ನು ಉಜ್ಜುತ್ತಾರೆ; ಮರೆಯಾದದ್ದನ್ನು ಯಾರೂ ನೋಡುವದಿಲ್ಲ.

ಹೊರಗಿನ ಜಗತ್ತಿನಲ್ಲಿಯೂ ಈ ಕಲೆಯ ದೊಡ್ಡ ಕೆಲಸಗಾರರು ಇದೇ ಹಾದಿಯನ್ನು ಹಿಡಿದಂತೆ ತೋರುತ್ತದೆ. ಪಿಕಾಸೋ 1912ರಲ್ಲಿ ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ ಮೇಣದ ಬಟ್ಟೆಯನ್ನು ಚಿತ್ರದೊಳಗೆ ಅಂಟಿಸಿ ಸುತ್ತಲೂ ನಿಜವಾದ ಹಗ್ಗವನ್ನು ಬಿಗಿದಾಗ, ಹಗ್ಗವು ಹಗ್ಗವಾಗಿಯೇ ಉಳಿಯಿತು. 1914ರಲ್ಲಿ ಆತ ತಗಡು ತಂತಿಗಳಿಂದ ಕಟ್ಟಿದ ಗಿಟಾರಿನಲ್ಲಿ ತಗಡು ತಗಡಾಗಿಯೇ ಇದೆ. ಘಾನಾದಲ್ಲಿ 1944ರಲ್ಲಿ ಹುಟ್ಟಿ ನೈಜೀರಿಯದ ನ್ಸುಕ್ಕಾದಲ್ಲಿ ಕೆಲಸ ಮಾಡಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ತಗಡಿನ ಮುಚ್ಚಳಗಳನ್ನು ಬಡಿದು ಚಪ್ಪಟೆ ಮಾಡಿ, ತಾಮ್ರದ ತಂತಿಯಿಂದ ಹೊಲಿದು, ಗೋಡೆಯಗಲದ ತೆರೆಗಳನ್ನು ಮಾಡಿದನು. ದೂರದಿಂದ ಅದು ರಾಜವಸ್ತ್ರದಂತೆ ತೋರಿದರೂ ಸಮೀಪ ಹೋದವರಿಗೆ ಮದ್ಯದ ಹೆಸರುಗಳು ಓದಬರುತ್ತವೆ, ಮತ್ತು ಮದ್ಯದ ವ್ಯಾಪಾರವು ಆ ಖಂಡಕ್ಕೆ ಏನನ್ನು ತಂದಿತೆಂಬ ಇತಿಹಾಸವು ನೆನಪಾಗುತ್ತದೆ. ವೆನಿಸ್ಸಿನ ಕಲಾಮೇಳವು 2015ರಲ್ಲಿ ಅವನ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹವನ್ನು ಕೊಟ್ಟಿತು. ಚಂಡೀಗಡದಲ್ಲಿ ನೇಕ್ ಚಂದನು ಒಡೆದ ಬಳೆ, ಪಿಂಗಾಣಿಯ ಚೂರುಗಳಿಂದ ಕಟ್ಟಿ, 1976ರಲ್ಲಿ ಜನರಿಗೆ ತೆರೆಯಲ್ಪಟ್ಟ ಶಿಲೋದ್ಯಾನದಲ್ಲಿ ಬಳೆಯ ಚೂರು ಬಳೆಯ ಚೂರೇ. ಇವರೆಲ್ಲರೂ ಕೌದಿಯ ತತ್ತ್ವವನ್ನೇ ಬೇರೆ ದ್ರವ್ಯಗಳಲ್ಲಿ ನಡೆಸಿದವರು. ಹೀಗಿರಲು, ಕೌದಿಯ ಮನೆಯಲ್ಲಿ ಬೆಳೆದ ಹುಡುಗಿಗೆ ‘ಡಬ್ಬಿಯನ್ನು ಕಾಣದಂತೆ ಮಾಡು’ ಎಂದು ಕಲಿಸುವದು, ತಾಯಿಯಿಂದ ಬಂದದ್ದನ್ನು ಮರೆಯಿಸಿದಂತಾಗುವದಿಲ್ಲವೆ?

ಇದು ಕೇವಲ ರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ದೂರ ಬೆಳೆಸುವ ಅಗತ್ಯವಿರಲಿಲ್ಲ. ಈ ಜಿಲ್ಲೆಯಲ್ಲಿ ಅದು ನೆನಪಿನ ಪ್ರಶ್ನೆಯೂ ಆಗಿದೆ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದಿನ ದಶಕಗಳಲ್ಲಿ ಕೃಷ್ಣೆಯ ಹಿನ್ನೀರು ಏರಿದಂತೆ ನದಿಯ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಬಸವನ ಬಾಗೇವಾಡಿ ಸೀಮೆಯ ಹಳೆಯ ಕೊಲ್ಹಾರವು ನೀರಿನ ಪಾಲಾಗಿ ಹೊಸ ಕೊಲ್ಹಾರವು ಬೇರೆಡೆ ಎದ್ದಿತು. ಇತ್ತ ಇಂಡಿ ಸಿಂದಗಿಗಳ ಕಡೆಯಿಂದ ಮಳೆಯಿಲ್ಲದ ವರ್ಷಗಳಲ್ಲಿ ದುಡಿಮೆಯನ್ನು ಹುಡುಕಿಕೊಂಡು ಪುಣೆ ಮುಂಬಯಿ ಗೋವೆಗಳಿಗೆ ಹೋಗುವ ಕುಟುಂಬಗಳು ಅನೇಕ. ಹೀಗೆ ಏಳುವ ಮನೆಯು ಗೋಡೆಯನ್ನು ಹೊತ್ತೊಯ್ಯಲಾರದು, ಹಗೇವನ್ನು ಹೊತ್ತೊಯ್ಯಲಾರದು, ಅಂಗಳದ ಬೇವನ್ನು ಹೊತ್ತೊಯ್ಯಲಾರದು. ಕೈಯಲ್ಲಿ ಹಿಡಿದು, ತಲೆಯ ಮೇಲೆ ಹೊತ್ತು ಒಯ್ಯಬಹುದಾದದ್ದು ಕೌದಿ, ಟ್ರಂಕು, ನಾಲ್ಕಾರು ಡಬ್ಬಿ. ಅಂಥ ಮನೆಗಳಲ್ಲಿ ಇಂದು ಉಳಿದಿರುವ ಹಳೆಯ ಡಬ್ಬಿಯ ಮೇಲಿನ ಗೀರು, ತೇಪೆ, ಮುಚ್ಚಳದೊಳಗಿನ ಅರೆಮಾಸಿದ ಪಟ—ಇವೇ ನೀರಿನಡಿಯ ಊರಿನ ದಾಖಲೆ. ಮೊಮ್ಮಗಳು ಶಾಲೆಯ ಸ್ಪರ್ಧೆಗಾಗಿ ಆ ಡಬ್ಬಿಯ ಪಟವನ್ನು ಕೆರೆದು, ಮಖಮಲ್ಲು ಮುಚ್ಚಿ, ಪ್ಲಾಸ್ಟಿಕ್ಕಿನ ಗುಲಾಬಿಯನ್ನು ಇಟ್ಟು ಬಹುಮಾನ ತಂದರೆ ಮನೆಯು ಏನನ್ನು ಗಳಿಸಿತು, ಏನನ್ನು ಕಳೆಯಿತು? ತಪ್ಪು ಮೊಮ್ಮಗಳದಲ್ಲ; ಆಕೆಯ ಮುಂದೆ ‘ಕಸದಿಂದ ರಸ’ವೆಂಬ ಫಲಕವನ್ನು ತೂಗಿಸಿದವರದು.

ಆದುದರಿಂದ ಇಂಥ ಕೆಲಸವನ್ನು ಕಲಿಸುವವರೂ ತೂಗಿ ನೋಡುವವರೂ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡರೆ ಸಾಕಾದೀತು. ಈ ಡಬ್ಬಿಯು ಮೊದಲು ಏನಾಗಿತ್ತೆಂಬುದು ಕಾಣುತ್ತದೆಯೇ? ಈಗ ಅದು ಏನಾಗಿದೆಯೆಂಬುದು ತಿಳಿಯುತ್ತದೆಯೇ? ಎರಡರ ನಡುವೆ ಮಾಡಿದವರ ಕೈ ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟದೆ ಬಿಟ್ಟಿತು? ಮೂರನೆಯದಕ್ಕೆ ಒಳ್ಳೆಯ ಉತ್ತರ ಸಿಗುವ ಡಬ್ಬಿಗೆ ಮಣಿಯ ಸಾಲು ಒಂದೂ ಇಲ್ಲದಿದ್ದರೂ ಕೊರತೆಯಿಲ್ಲ. ಕೆಲಸವನ್ನು ಮೊದಲು ಮಾಡುವ ಮುನ್ನ ಮನೆಯ ಹಿರಿಯಳೊಬ್ಬಳನ್ನು ‘ಆಯಿ, ಈ ಡಬ್ಬಿ ಎಲ್ಲಿಂದ ಬಂತು?’ ಎಂದು ಕೇಳುವ ಪಾಠವನ್ನು ಮಕ್ಕಳಿಗೆ ಹೇಳಿಕೊಟ್ಟರೆ, ಅಂಟು ಕತ್ತರಿಗಳ ಪಾಠಕ್ಕಿಂತ ಅದು ಹೆಚ್ಚಿನದಾದೀತು. ಆಕೆ ಹೇಳುವ ಕಥೆಯನ್ನು ಕೇಳಿದ ಕೈ, ಯಾವ ಗೀರನ್ನು ಉಜ್ಜಬೇಕು, ಯಾವುದನ್ನು ಬಿಡಬೇಕೆಂಬುದನ್ನು ತಾನೇ ತಿಳಿದುಕೊಳ್ಳುತ್ತದೆ.

ಫಲಕದ ಮಾತನ್ನೂ ಬದಲಿಸುವದು ಒಳಿತು. ಪ್ರಾಸವು ತಪ್ಪಿದರೂ ಚಿಂತೆಯಿಲ್ಲ; ಆ ಮೇಜಿನ ಮೇಲೆ ‘ಮನೆಯ ಡಬ್ಬಿ’ ಎಂದು ಬರೆದರೂ ಸಾಕು.